79 ಗೆಲುವು, 79 ಸೋಲು: ಹಿರೋಕಿ ಕುರೋಡಾ ಎಸೆದ ಇಪ್ಪತ್ತು ವರ್ಷ

ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ 2014ರ ಸೆಪ್ಟೆಂಬರ್ 25ರಂದು ನಡೆದ ಪಂದ್ಯವನ್ನು ಬೇಸ್‌ಬಾಲ್ ಪ್ರಿಯರು ಯಾಂಕೀಸ್ ತಂಡದ ತಾರೆ ಡೆರೆಕ್ ಜೀಟರ್ ಹೆಸರಿನಲ್ಲೇ ನೆನಪಿಟ್ಟುಕೊಂಡಿದ್ದಾರೆ. ತವರು ಅಂಗಳದಲ್ಲಿ ಅವರಿಗೆ ಅದೇ ಕೊನೆಯ ಪಂದ್ಯ. ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸಿನಲ್ಲಿ ಅವರ ಹೊಡೆತದಿಂದಲೇ ಯಾಂಕೀಸ್ 6-5ರಿಂದ ಗೆದ್ದಿತು. ಆ ರಾತ್ರಿ ಮೊದಲ ಎಂಟು ಇನಿಂಗ್ಸ್ ಎಸೆದವರು ಯಾರು ಎಂದು ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಎಸೆದದ್ದು 39 ವರ್ಷದ ಜಪಾನೀ ಪಿಚರ್ (ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ) ಹಿರೋಕಿ ಕುರೋಡಾ. ಎದುರಾದ ಮೊದಲ ಇಬ್ಬರು ಬ್ಯಾಟರ್‌ಗಳೇ ಹೋಂ ರನ್ (ಚೆಂಡನ್ನು ಬೇಲಿಯಾಚೆ ಹೊಡೆದು ಗಳಿಸುವ ರನ್) ಬಾರಿಸಿದರು. ಅದಾದ ಮೇಲೆ ಎಂಟು ಇನಿಂಗ್ಸ್ ಮುಗಿಯುವ ತನಕ ಅವರು ಬಿಟ್ಟುಕೊಟ್ಟದ್ದು ಇನ್ನೊಂದೇ ಹಿಟ್ (ಬ್ಯಾಟರ್ ಓಡಿ ಬೇಸ್ ಎಂಬ ಠಾಣೆ ಮುಟ್ಟುವಂಥ ಹೊಡೆತ). ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ (ಮೂರು ಒಳ್ಳೆಯ ಎಸೆತ ಹೊಡೆಯಲಾಗದ ಬ್ಯಾಟರ್ ಔಟ್), 5-2ರ ಮುನ್ನಡೆ ಇಟ್ಟು ಮೌಂಡ್ (ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬ) ಇಳಿದರು. ಮುಂದಿನ ಪಿಚರ್ ಆ ಮೂರೂ ರನ್ ಬಿಟ್ಟುಕೊಟ್ಟಾಗ ಪಂದ್ಯ ಸಮವಾಯಿತು, ಕುರೋಡಾ ಲೆಕ್ಕಕ್ಕೆ ಸೇರಬೇಕಿದ್ದ ಗೆಲುವೂ ಕೈಬಿಟ್ಟಿತು.

ಅಮೆರಿಕದಲ್ಲಿ ಅವರು ಎಸೆದ ಕೊನೆಯ ಪಂದ್ಯವೂ ಅದೇ. ಏಳು ವರ್ಷದ ಲೆಕ್ಕ 79 ಗೆಲುವು, 79 ಸೋಲಿಗೆ ನಿಂತಿತು.

ಬೇಸ್‌ಬಾಲಿನಲ್ಲಿ ಪಿಚರ್ ಹೆಸರಿಗೆ ಗೆಲುವು ಬರೆಯುವ ನಿಯಮ ಗೊತ್ತಿಲ್ಲದವರಿಗೆ ಈ ಅಂಕಿ ದಾರಿ ತಪ್ಪಿಸುತ್ತದೆ. ಪಂದ್ಯ ಆರಂಭಿಸಿದ ಪಿಚರ್ ಕನಿಷ್ಠ ಐದು ಇನಿಂಗ್ಸ್ ಎಸೆಯಬೇಕು, ತಂಡ ಮುಂದಿರುವಾಗಲೇ ಹೊರಬರಬೇಕು, ಆಮೇಲೆ ಬಂದವರು ಆ ಮುನ್ನಡೆಯನ್ನು ಒಮ್ಮೆಯೂ ಕಳೆದುಕೊಳ್ಳಬಾರದು. ಈ ಮೂರರಲ್ಲಿ ಎರಡು ಅವನ ಕೈಯಲ್ಲೇ ಇಲ್ಲ. 2011ರಲ್ಲಿ ಲಾಸ್ ಏಂಜಲಿಸ್ ಡಾಜರ್ಸ್ ಪರ ಕುರೋಡಾ ಒಂಬತ್ತು ಇನಿಂಗ್ಸಿಗೆ ಸರಾಸರಿ 3.07 ರನ್ ಕೊಟ್ಟರು. ಅದು ಒಳ್ಳೆಯ ಪಿಚರ್‌ನ ಸರಾಸರಿ. ಆದರೂ ಆ ವರ್ಷ ಅವರ ಹೆಸರಿಗೆ ಬಂದದ್ದು 13 ಗೆಲುವು, 16 ಸೋಲು. ಅವರು ಎಸೆಯುವ ದಿನ ತಂಡದವರ ಬ್ಯಾಟು ಮಾತಾಡುತ್ತಿರಲಿಲ್ಲ, ಅಷ್ಟೇ. ಕುರೋಡಾ ಅವರನ್ನು ಅಳೆಯುವುದಾದರೆ ಎರಡನ್ನು ನೋಡಬೇಕು: ಎಷ್ಟು ಇನಿಂಗ್ಸಿನ ಭಾರ ಹೊತ್ತರು, ಮತ್ತು ಆ ಭಾರ ಹೊರುವುದಕ್ಕಾಗಿ 33ನೇ ವಯಸ್ಸಿನಲ್ಲಿ ತಮ್ಮ ಎಸೆತವನ್ನು ಎಷ್ಟರ ಮಟ್ಟಿಗೆ ಬದಲಿಸಿಕೊಂಡರು. ಈ ಎರಡನೆಯದರ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

1975ರಲ್ಲಿ ಒಸಾಕಾದಲ್ಲಿ ಹುಟ್ಟಿದವರು. ತಂದೆ ನನ್ಕಾಯ್ ಹಾಕ್ಸ್ ತಂಡದಲ್ಲಿ ವೃತ್ತಿಪರ ಆಟಗಾರರಾಗಿದ್ದವರು. ಹಾಗೆಂದು ಮಗನ ದಾರಿ ಸಲೀಸಾಗಲಿಲ್ಲ. ಉಎನೊಮಿಯಾ ಹೈಸ್ಕೂಲಿನಲ್ಲಿ ಅವರು ಬದಲಿ ಪಿಚರ್. ಜಪಾನಿನಲ್ಲಿ ಹೈಸ್ಕೂಲ್ ಮಟ್ಟದಲ್ಲೇ ಕೋಶಿಯೆನ್ ಪಂದ್ಯಾವಳಿಯಿಂದ ಹೆಸರು ಮಾಡಿದ ಹುಡುಗರು ನೇರ ವೃತ್ತಿಪರ ತಂಡಕ್ಕೆ ಹೋಗುತ್ತಾರೆ. ಇವರಿಗೆ ಆ ಬಾಗಿಲು ಮುಚ್ಚಿತ್ತು. ಸೆನ್ಶು ವಿಶ್ವವಿದ್ಯಾಲಯದಲ್ಲಿ ವೇಗ ಕೂಡಿಕೊಂಡಿತು. ತಂಡಗಳು ಹೊಸಬರನ್ನು ಸುತ್ತು ಸುತ್ತಾಗಿ ಆರಿಸುವ ಡ್ರಾಫ್ಟ್‌ನಲ್ಲಿ, 1996ರ ಎರಡನೇ ಸುತ್ತಿನಲ್ಲಿ ಹಿರೋಶಿಮಾ ಕಾರ್ಪ್ ಸೇರಿದರು. 1997ರ ಏಪ್ರಿಲ್‌ನಲ್ಲಿ ಯೊಮಿಯುರಿ ಜೈಂಟ್ಸ್ ವಿರುದ್ಧ ಮೊದಲ ವೃತ್ತಿಪರ ಪಂದ್ಯ. ಅದನ್ನು ಒಬ್ಬರೇ ಕೊನೆಯವರೆಗೂ ಎಸೆದು ಗೆದ್ದರು.

ಹಿರೋಶಿಮಾ ಕಾರ್ಪ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜಪಾನಿನ ಬಹುಪಾಲು ತಂಡಗಳ ಬೆನ್ನಿಗೆ ಪತ್ರಿಕೆ, ರೈಲ್ವೆ, ಟೆಲಿಫೋನ್‌ನಂಥ ದೊಡ್ಡ ಕಂಪನಿಗಳಿವೆ. ಕಾರ್ಪ್ ಹುಟ್ಟಿದ್ದು ಅಣುಬಾಂಬ್ ಬಿದ್ದ ನಾಲ್ಕೇ ವರ್ಷಕ್ಕೆ, ಊರಿನವರ ತಂಡವಾಗಿ. ದುಡ್ಡಿಲ್ಲದೆ ತಂಡ ಮುಚ್ಚುವ ಹಂತಕ್ಕೆ ಬಂದಾಗ ಮೈದಾನದ ಮುಂದೆ ಸಾಕೆ ಮದ್ಯದ ಪೀಪಾಯಿ ಇಟ್ಟು ಜನರಿಂದ ಚಿಲ್ಲರೆ ಕೂಡಿಸಿ ಉಳಿಸಿಕೊಂಡರು. ಆ ಬಡತನ ಮುಂದೆಯೂ ಬೇರೆ ರೂಪದಲ್ಲಿ ಕಾಡಿತು. ಫ್ರೀ ಏಜೆಂಟ್ ಹಕ್ಕು, ಅಂದರೆ ಬೇಕಾದ ತಂಡ ಸೇರುವ ಹಕ್ಕು, ಸಿಕ್ಕ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ದುಡ್ಡಿರುವ ತಂಡಗಳಿಗೆ ಹೋದರು. 1998ರಿಂದ 2012ರವರೆಗೆ ಸತತ 15 ವರ್ಷ ಆರು ತಂಡಗಳ ಲೀಗಿನಲ್ಲಿ ಕಾರ್ಪ್ ಕೆಳಗಿನ ಮೂರರಲ್ಲೇ ಉಳಿಯಿತು. ಕುರೋಡಾ ಅಲ್ಲಿ ಮೊದಲ ಬಾರಿ ಆಡಿದ 11 ವರ್ಷಗಳಲ್ಲಿ ಹತ್ತು ವರ್ಷ ಹೀಗೆಯೇ ಕಳೆದವು. ಅಂಥ ತಂಡದಲ್ಲಿ 103 ಗೆಲುವು, 89 ಸೋಲು. 2005ರಲ್ಲಿ 15 ಗೆಲುವಿನೊಂದಿಗೆ ಲೀಗಿನಲ್ಲೇ ಅತಿ ಹೆಚ್ಚು ಗೆದ್ದವರಲ್ಲಿ ಒಬ್ಬರಾದರು. ಆ ವರ್ಷ ಪೂರ್ತಿ ಒಂಬತ್ತು ಇನಿಂಗ್ಸ್ ಒಬ್ಬರೇ ಮುಗಿಸಿದ ಪಂದ್ಯಗಳು 11. ಮರುವರ್ಷದ ಸರಾಸರಿ 1.85, ಅದೂ ಲೀಗಿಗೇ ಮೊದಲು.

2006ರ ಕೊನೆಗೆ ಅವರಿಗೂ ಫ್ರೀ ಏಜೆಂಟ್ ಹಕ್ಕು ಬಂತು. ಈ ಸಲವೂ ಹೋಗಿಯೇ ಬಿಡುತ್ತಾರೆ ಎಂದು ಊರಿಗೆ ಊರೇ ಅಂದುಕೊಂಡಿತ್ತು. ಋತುವಿನ ಕೊನೆಯ ಪಂದ್ಯದಂದು ಹಳೆಯ ಮುನಿಸಿಪಲ್ ಸ್ಟೇಡಿಯಮ್ಮಿನಲ್ಲಿ ಅಭಿಮಾನಿಗಳು ದೊಡ್ಡದೊಂದು ಬ್ಯಾನರ್ ಹಿಡಿದರು. ನೀನು ಕಣ್ಣೀರಿಟ್ಟರೆ ಆ ಕಣ್ಣೀರೇ ನಾವಾಗುತ್ತೇವೆ ಎಂಬರ್ಥದ ಸಾಲು ಅದರಲ್ಲಿತ್ತು. ಕುರೋಡಾ ಉಳಿದರು. ಬೇರೆ ಜಪಾನೀ ತಂಡದ ಅಂಗಿ ತೊಟ್ಟು ಇದೇ ಜನರ ಎದುರು ಎಸೆಯುವುದನ್ನು ಊಹಿಸಲಾರೆ ಎಂಬ ಅರ್ಥದ ಮಾತನ್ನೂ ಆಡಿದರು. ಒಂದು ವರ್ಷದ ನಂತರ ಹೊರಟದ್ದು ಅಮೆರಿಕಕ್ಕೆ, ಡಾಜರ್ಸ್ ತಂಡಕ್ಕೆ. ಮೂರು ವರ್ಷಕ್ಕೆ 3.53 ಕೋಟಿ ಡಾಲರ್ ಒಪ್ಪಂದ.

ಅಲ್ಲಿಗೆ ಹೋಗುವ ಪ್ರತಿ ಜಪಾನೀ ಪಿಚರ್ ಎದುರಿಸುವ ತೊಡಕುಗಳು ಹೆಚ್ಚುಕಡಿಮೆ ಒಂದೇ. ಮೊದಲನೆಯದು ಚೆಂಡು. ಎರಡೂ ಕಡೆ ನಿಯಮದ ತೂಕ ಸುಮಾರು 142ರಿಂದ 149 ಗ್ರಾಂ. ಆದರೆ ಕೈಗೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಜಪಾನಿನ ಚೆಂಡಿನ ಚರ್ಮ ಬೆರಳಿಗೆ ಸ್ವಲ್ಪ ಅಂಟುತ್ತದೆ. ಅಮೆರಿಕದ್ದು ಕೊಂಚ ದೊಡ್ಡದು, ಒಣ, ಜಾರುತ್ತದೆ. ಪಂದ್ಯಕ್ಕೆ ಮುಂಚೆ ಅದಕ್ಕೆ ಹೊಳೆಯ ಮಣ್ಣು ಉಜ್ಜಿದರೂ ಆ ಜಾರು ಪೂರ್ತಿ ಹೋಗುವುದಿಲ್ಲ. ಜಾರುವ ಚೆಂಡನ್ನು ಬಿಗಿಯಾಗಿ ಹಿಡಿದರೆ ಮುಂಗೈ ಸ್ನಾಯುಗಳಿಗೆ ಒತ್ತಡ, ಸಡಿಲ ಬಿಟ್ಟರೆ ಎಸೆತ ಎತ್ತರಕ್ಕೆ ತೇಲುತ್ತದೆ. ಎರಡನೆಯದು ಮೌಂಡ್. ಅಲ್ಲಿನ ಜೇಡಿಮಣ್ಣು ಗಟ್ಟಿ. ಮುಂಗಾಲು ಊರಿದ ಜಾಗದಲ್ಲೇ ನಿಲ್ಲುತ್ತದೆ. ಜಪಾನಿನ ಮೆತ್ತನೆಯ ಮಣ್ಣಿನಲ್ಲಿ ಉದ್ದ ಹೆಜ್ಜೆ ಹಾಕಿ ಮೈಯನ್ನು ತಗ್ಗಿಸಿ ಎಸೆದು ರೂಢಿಯಾದವರಿಗೆ ಆ ಗಟ್ಟಿ ನೆಲದ ಪೆಟ್ಟು ತೊಡೆಗೂ ಸೊಂಟಕ್ಕೂ ತಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕ್ಯಾಲೆಂಡರ್. ಜಪಾನಿನಲ್ಲಿ ಪಂದ್ಯ ಆರಂಭಿಸುವ ಪಿಚರ್ ವಾರಕ್ಕೊಮ್ಮೆ ಎಸೆಯುತ್ತಾನೆ, ನಡುವೆ ಆರು ದಿನ ಬಿಡುವು. ಅದಕ್ಕೇ ಒಂದು ಪಂದ್ಯದಲ್ಲಿ 130 ಎಸೆತ ಎಸೆದರೂ ನಡೆಯುತ್ತದೆ. ಅಮೆರಿಕದಲ್ಲಿ 162 ಪಂದ್ಯ, ಐದು ಜನ ಪಿಚರ್‌ಗಳ ಸರದಿ, ನಡುವೆ ನಾಲ್ಕೇ ದಿನ. ಅದರಲ್ಲೂ ಮೂರು ಗಂಟೆ ಕಾಲವ್ಯತ್ಯಾಸದ ವಿಮಾನ ಪ್ರಯಾಣ ಬೇರೆ. ವಾರಕ್ಕೊಮ್ಮೆ 130 ಎಸೆದವನು ಐದು ದಿನಕ್ಕೊಮ್ಮೆ 100 ಎಸೆಯುವುದು ಸುಲಭವಲ್ಲವೇ ಎಂದು ತೋರಬಹುದು. ಆದರೆ ಮೈಗೆ ಅದು ಸುಲಭವಲ್ಲ. ಎರಡು ಪಂದ್ಯಗಳ ನಡುವೆ ಅಭ್ಯಾಸಕ್ಕೆ ಒಂದೇ ದಿನ ಸಿಗುತ್ತದೆ, ಅವತ್ತು ಎಸೆಯಬಹುದಾದದ್ದು ಮೂವತ್ತು ನಲವತ್ತು ಚೆಂಡು. ನೂರಾರು ಎಸೆತ ಎಸೆದೆಸೆದೇ ಹದ ತಂದುಕೊಳ್ಳುವ ಜಪಾನೀ ಪದ್ಧತಿಗೆ ಅಲ್ಲಿ ಜಾಗವಿಲ್ಲ.

ಇಷ್ಟು ಕಡಿಮೆ ಬಿಡುವಿನಲ್ಲಿ ಹೆಚ್ಚು ಇನಿಂಗ್ಸ್ ಎಸೆಯಬೇಕಾದರೆ ಪ್ರತಿ ಬ್ಯಾಟರ್‌ಗೆ ಖರ್ಚು ಮಾಡುವ ಎಸೆತ ಕಡಿಮೆಯಾಗಬೇಕು. ಒಬ್ಬನನ್ನು ಸ್ಟ್ರೈಕ್‌ಔಟ್ ಮಾಡಲು ಕನಿಷ್ಠ ಮೂರು ಎಸೆತ, ನಿಜದಲ್ಲಿ ಐದಾರು ಬೇಕಾಗುತ್ತವೆ. ನೆಲಕ್ಕೆ ಉರುಳುವ ಹೊಡೆತ ಹೊಡೆಸಿದರೆ ಒಂದೆರಡರಲ್ಲಿ ಕೆಲಸ ಮುಗಿಯುತ್ತದೆ. ಕುರೋಡಾ ಹಿಡಿದ ದಾರಿ ಅದು. ಹಿರೋಶಿಮಾದಲ್ಲಿ 150 ಕಿ.ಮೀ. ದಾಟುವ ನೇರ ವೇಗದ ಎಸೆತವೇ ಅವರ ಬಂಡವಾಳವಾಗಿತ್ತು. ಅದನ್ನು ಹಿಂದಕ್ಕೆ ಸರಿಸಿ ಟು-ಸೀಮ್ ಎಸೆತವನ್ನು ಮುಂದೆ ತಂದರು.

ನೇರ ಎಸೆತದಲ್ಲಿ ತೋರುಬೆರಳು, ನಡುಬೆರಳು ಹೊಲಿಗೆಗೆ ಅಡ್ಡವಾಗಿ ಕೂರುತ್ತವೆ. ಚೆಂಡು ಹಿಮ್ಮುಖವಾಗಿ ಸುತ್ತುತ್ತ ನೇರ ಬರುತ್ತದೆ. ಟು-ಸೀಮ್‌ನಲ್ಲಿ ಎರಡು ಹೊಲಿಗೆ ಸಾಲುಗಳು ಹತ್ತಿರ ಬರುವ ಜಾಗ ಹುಡುಕಿ, ಆ ಎರಡೂ ಬೆರಳನ್ನು ಹೊಲಿಗೆಯ ಗುಂಟ ಇಡುತ್ತಾರೆ. ಹೆಬ್ಬೆರಳು ಕೆಳಗೆ. ಬಿಡುವ ಗಳಿಗೆಯಲ್ಲಿ ತೋರುಬೆರಳಿನ ಒತ್ತು ತುಸು ಹೆಚ್ಚು. ಮಣಿಕಟ್ಟನ್ನು ತಿರುಚಬಾರದು, ತಿರುಚಿದರೆ ವೇಗ ಇಳಿಯುತ್ತದೆ, ಮೊಣಕೈಗೂ ಕೇಡು. ಸರಿಯಾಗಿ ಬಿಟ್ಟ ಚೆಂಡು ಪ್ಲೇಟಿನ (ಬ್ಯಾಟರ್ ಪಕ್ಕದ ನೆಲದಲ್ಲಿರುವ ಫಲಕ) ಹತ್ತಿರ ಬಂದಾಗ ಎಸೆಯುವ ಕೈಯ ಕಡೆಗೆ ಹೆಚ್ಚುಕಡಿಮೆ ಒಂದು ಗೇಣು ಸರಿದು ಕೆಳಕ್ಕೆ ಇಳಿಯುತ್ತದೆ. ಬಲಗೈ ಪಿಚರ್ ಆದ ಕುರೋಡಾ ಎಸೆದದ್ದು ಬಲಗೈ ಬ್ಯಾಟರ್‌ನ ಮೈಕಡೆ ನುಗ್ಗುತ್ತದೆ. ಅವನು ಚೆಂಡಿನ ಮೇಲರ್ಧಕ್ಕೆ ಹೊಡೆಯುತ್ತಾನೆ, ಅದೂ ಬ್ಯಾಟಿನ ಹಿಡಿಯ ಬಳಿ. ಚೆಂಡು ಸಪ್ಪಗೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ ಉರುಳುತ್ತದೆ. ಕೆಡುವುದು ಎತ್ತರದಲ್ಲಿ. ಸೊಂಟದ ಮಟ್ಟಕ್ಕೆ ಬಂದ ಟು-ಸೀಮ್ ಇಳಿಯದೆ ಹಾಗೇ ತೇಲುತ್ತದೆ, ನೇರ ಎಸೆತದಷ್ಟು ವೇಗವೂ ಅದಕ್ಕಿಲ್ಲ. ಅಂಥದ್ದು ಸಿಕ್ಕರೆ ದೊಡ್ಡ ಹೊಡೆತಗಾರ ಬಿಡುವುದಿಲ್ಲ. ದಣಿದ ಪಿಚರ್‌ನ ಟು-ಸೀಮ್ ಮೊದಲು ಕೆಡುವುದು ಹೀಗೆಯೇ: ತೋಳು ಒಂದಿಷ್ಟು ಕೆಳಗಿಳಿಯುತ್ತದೆ, ಚೆಂಡು ಅಷ್ಟೇ ಮೇಲೇರುತ್ತದೆ.

ಈ ಬದಲಾವಣೆಯ ಫಲ ಮೊದಲ ವರ್ಷವೇ ಕಂಡಿತು. 2008ರ ಜುಲೈ 7ರಂದು ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಏಳು ಇನಿಂಗ್ಸ್ ಒಬ್ಬನೂ ಬೇಸ್ ಮುಟ್ಟಲಿಲ್ಲ. ಎಂಟನೆಯದರ ಆರಂಭದಲ್ಲಿ ಮಾರ್ಕ್ ಟೆಷೇರಾ ಹೊಡೆದ ಡಬಲ್ (ಎರಡನೇ ಬೇಸ್ ತನಕ ಒಯ್ಯುವ ಹೊಡೆತ) ಒಂದೇ ಆ ಪಂದ್ಯದ ಹಿಟ್. 3-0 ಗೆಲುವು. ಒಂಬತ್ತು ಇನಿಂಗ್ಸಿಗೆ ಎಸೆದದ್ದು 91 ಚೆಂಡು ಮಾತ್ರ. ಅದೇ ವರ್ಷದ ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯಾ ಫಿಲೀಸ್ ಪಿಚರ್‌ಗಳು ಡಾಜರ್ಸ್ ಬ್ಯಾಟರ್‌ಗಳ ಮೈಮೇಲೆ ಎಸೆಯುತ್ತಿದ್ದರು. ಮೂರನೇ ಪಂದ್ಯದಲ್ಲಿ ಕುರೋಡಾ ಶೇನ್ ವಿಕ್ಟೊರಿನೊ ತಲೆಯ ಮೇಲಿಂದ ಒಂದು ಎಸೆದು ಉತ್ತರ ಕೊಟ್ಟರು. ಎರಡೂ ತಂಡದವರು ಮೈದಾನಕ್ಕಿಳಿದರು, ಆ ಪಂದ್ಯವನ್ನು ಡಾಜರ್ಸ್ ಗೆದ್ದಿತು. ತಲೆಯ ಎತ್ತರಕ್ಕೆ ಎಸೆಯುವುದು ಅಪಾಯದ ಕೆಲಸ, ಅದನ್ನು ಹೊಗಳುವುದು ಕಷ್ಟ. ಆದರೆ ತಂಡದವರ ಪರ ನಿಲ್ಲುವ ಮನುಷ್ಯ ಎಂಬ ನಂಬಿಕೆ ಅಲ್ಲಿಂದ ಬೇರೂರಿತು ಎನ್ನುವುದೂ ನಿಜ. ಎರಡು ವರ್ಷದ ಮೇಲೆ ಕುರೋಡಾ ಎಂಟನೇ ಇನಿಂಗ್ಸಿನವರೆಗೂ ಒಂದೂ ಹಿಟ್ ಕೊಡದೆ ಎಸೆಯುತ್ತಿದ್ದಾಗ ಅದನ್ನು ಮುರಿದದ್ದೂ ಅದೇ ವಿಕ್ಟೊರಿನೊ.

ಮೌಂಡ್ ಮೇಲಿನ ಅಪಾಯ ಅವರಿಗೂ ತಟ್ಟಿತ್ತು. 2009ರ ಆಗಸ್ಟ್ 15ರಂದು ಅರಿಜೋನಾದ ರಸ್ಟಿ ರಾಯಲ್ ಹೊಡೆದ ಚೆಂಡು ನೇರ ಬಂದು ಅವರ ತಲೆಗೆ ಬಡಿಯಿತು. ಬ್ಯಾಟರ್‌ಗೆ ಹೆಲ್ಮೆಟ್ ಇದೆ, ಪಿಚರ್‌ಗೆ ಬಟ್ಟೆಯ ಟೊಪ್ಪಿ ಅಷ್ಟೇ. ಎಸೆದು ಮುಗಿಸುವಾಗ ಅವನು ನಿಂತಿರುವುದು ಬ್ಯಾಟಿನಿಂದ 17 ಮೀಟರಿಗೂ ಕಡಿಮೆ ದೂರದಲ್ಲಿ. ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ಅದೇ ಋತುವಿನಲ್ಲಿ ಮರಳಿ ಬಂದು ಎಸೆದರು. 2008ರಿಂದ 2014ರವರೆಗಿನ ಏಳು ವರ್ಷದಲ್ಲಿ 31ಕ್ಕಿಂತ ಕಡಿಮೆ ಪಂದ್ಯ ಆರಂಭಿಸಿದ್ದು ಆ 2009 ಒಂದರಲ್ಲೇ.

2012ರಲ್ಲಿ ಯಾಂಕೀಸ್ ಸೇರಿದಾಗ 37 ವರ್ಷ. ಆ ಋತುವಿನ ಸುಮಾರು 220 ಇನಿಂಗ್ಸ್, 16 ಗೆಲುವು ಅಮೆರಿಕದಲ್ಲಿ ಅವರ ಅತ್ಯುತ್ತಮ ಸಾಧನೆ. ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ವಿರುದ್ಧ ಮೂರೇ ದಿನದ ಬಿಡುವಿನಲ್ಲಿ ಎಸೆಯಬೇಕಾಗಿ ಬಂತು. ಮೊದಲ 15 ಬ್ಯಾಟರ್‌ಗಳನ್ನು ಒಬ್ಬರನ್ನೂ ಬಿಡದೆ ಔಟ್ ಮಾಡಿದರು, ಒಟ್ಟು 11 ಸ್ಟ್ರೈಕ್‌ಔಟ್. ಯಾಂಕೀಸ್ ಒಂದೂ ರನ್ ಗಳಿಸದೆ 3-0ರಿಂದ ಸೋತಿತು. ಸೋಲು ಬರೆದದ್ದು ಕುರೋಡಾ ಹೆಸರಿಗೆ.

2013 ಇನ್ನೊಂದು ಪಾಠ. ಆಗಸ್ಟ್ ಮಧ್ಯದವರೆಗೆ ಸರಾಸರಿ 2.33, ಲೀಗಿನ ಅತ್ಯುತ್ತಮರ ಸಾಲಿನಲ್ಲಿದ್ದರು. ಕೊನೆಯ ಎಂಟು ಪಂದ್ಯಗಳಲ್ಲಿ ಗೆಲುವಿಲ್ಲ, ಆರು ಸೋಲು, ಸರಾಸರಿ ಆರರ ಮೇಲೆ. ಮೇಲೆ ಹೇಳಿದ ತೇಲುವ ಟು-ಸೀಮ್ ಅಂಥ ದಣಿವಿನ ಫಲವೇ. 38ರ ದೇಹಕ್ಕೆ ಐದು ದಿನದ ಸರದಿ ಏಪ್ರಿಲ್‌ನಲ್ಲಿ ಒಗ್ಗುತ್ತದೆ, ಸೆಪ್ಟೆಂಬರ್‌ನಲ್ಲಿ ಒಗ್ಗುವುದಿಲ್ಲ. ಮರುವರ್ಷ ಪಂದ್ಯಗಳ ನಡುವಿನ ಅಭ್ಯಾಸದ ಎಸೆತ ಕಡಿಮೆ ಮಾಡಿ, ಆ ಶಕ್ತಿಯನ್ನು ಪಂದ್ಯಕ್ಕೆ ಉಳಿಸಿಕೊಂಡು 199 ಇನಿಂಗ್ಸ್ ಪೂರೈಸಿದರು.

ಈ ವರ್ಷಗಳ ಒಪ್ಪಂದಗಳನ್ನು ಗಮನಿಸಬೇಕು. ಮೊದಲ ಮೂರು ವರ್ಷ ಮುಗಿದ ಮೇಲೆ ಎಲ್ಲವೂ ಒಂದೊಂದೇ ವರ್ಷದ್ದು. 2011ಕ್ಕೆ 1.2 ಕೋಟಿ ಡಾಲರ್, 2012ಕ್ಕೆ 1 ಕೋಟಿ, 2013ಕ್ಕೆ 1.5 ಕೋಟಿ, 2014ಕ್ಕೆ 1.6 ಕೋಟಿ. ಮೊಣಕೈ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ವೃತ್ತಿಯಲ್ಲಿ ಎಲ್ಲರೂ ಹೆಚ್ಚು ವರ್ಷದ ಭದ್ರತೆ ಕೇಳುತ್ತಾರೆ. ಇವರು ಪ್ರತಿ ಚಳಿಗಾಲದಲ್ಲೂ ಇನ್ನೊಂದು ವರ್ಷ ಎಸೆಯುವ ತ್ರಾಣ, ಮನಸ್ಸು ಎರಡೂ ಉಂಟೇ ಎಂದು ತಮ್ಮನ್ನೇ ಕೇಳಿಕೊಂಡು ಆಮೇಲೆ ಸಹಿ ಹಾಕಿದರು. 2011ರಲ್ಲಿ ಡಾಜರ್ಸ್ ಹಿಂದೆ ಬಿದ್ದಿದ್ದಾಗ ಗೆಲ್ಲುವ ತಂಡವೊಂದಕ್ಕೆ ಹೋಗುವ ಅವಕಾಶ ಬಂದರೂ, ಟ್ರೇಡ್ ಬೇಡವೆನ್ನುವ ತಮ್ಮ ಹಕ್ಕು ಬಳಸಿ ಋತುವನ್ನು ಅದೇ ಸಂಗಡಿಗರ ಜೊತೆ ಮುಗಿಸಿದರು.

ಒಂದೊಂದೇ ವರ್ಷದ ಒಪ್ಪಂದವಾಗಿದ್ದರಿಂದಲೇ 2014ರ ಕೊನೆಗೆ ಅವರು ಯಾರ ಕಟ್ಟಿಗೂ ಒಳಪಟ್ಟಿರಲಿಲ್ಲ. ಸ್ಯಾನ್ ಡಿಯೇಗೊ ಪ್ಯಾಡ್ರೆಸ್ 1.8 ಕೋಟಿ ಡಾಲರ್ ಕೊಡಲು ಸಿದ್ಧವಿತ್ತು ಎಂದು ವರದಿಗಳು ಹೇಳಿದವು. ಅವರು ಒಪ್ಪಿದ್ದು ಕಾರ್ಪ್ ಕೊಟ್ಟ 40 ಕೋಟಿ ಯೆನ್, ಅಂದರೆ ಅದರ ಐದನೇ ಒಂದು ಪಾಲಿನಷ್ಟು. ಈ ತ್ಯಾಗದ ಕಥೆ ಜಪಾನಿನಲ್ಲಿ ಮನೆಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಎಸೆಯುವ ಬಲ ಇನ್ನೂ ಇರುವಾಗಲೇ ಮರಳಿದರು ಎಂಬುದು. ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ 32 ಪಂದ್ಯ ಆರಂಭಿಸಿದ ತೋಳನ್ನು ಹಿರೋಶಿಮಾಕ್ಕೆ ತಂದುಕೊಟ್ಟರು.

ಜೊತೆಗೆ ತಂದದ್ದು ಟು-ಸೀಮ್‌ನ ಒಂದು ವಿಶೇಷ ಬಳಕೆ, ಫ್ರಂಟ್ ಡೋರ್. ಎಡಗೈ ಬ್ಯಾಟರ್ ಎದುರಿದ್ದಾನೆ ಎನ್ನಿ. ಚೆಂಡನ್ನು ಅವನ ಸೊಂಟಕ್ಕೇ ಗುರಿಯಿಟ್ಟು ಬಿಡಬೇಕು. ಕೈಬಿಟ್ಟ ಮೇಲೆ ಪ್ಲೇಟ್ ಮುಟ್ಟಲು ಚೆಂಡಿಗೆ ಸುಮಾರು 0.4 ಸೆಕೆಂಡ್ ಹಿಡಿಯುತ್ತದೆ. ಅದರ ಮೊದಲರ್ಧದಲ್ಲೇ ಬ್ಯಾಟರ್ ನಿರ್ಧಾರ ಮಾಡಿರಬೇಕು. ಮೈಗೆ ಬಡಿಯುತ್ತದೆಂದು ಅವನು ಹಿಂದೆ ಸರಿಯುತ್ತಾನೆ. ಆಗ ಚೆಂಡು ತಿರುಗಿ 43 ಸೆಂ.ಮೀ. ಅಗಲದ ಪ್ಲೇಟಿನ ಒಳ ಅಂಚನ್ನು ಸವರಿಕೊಂಡು ಹೋಗುತ್ತದೆ: ಸ್ಟ್ರೈಕ್. ಕ್ರಿಕೆಟ್ಟಿನಲ್ಲಿ ಹೊರಗೆ ಹೋಗುತ್ತದೆಂದು ಬ್ಯಾಟ್ ಎತ್ತಿ ಬಿಟ್ಟ ಚೆಂಡು ಒಳಕ್ಕೆ ಬಂದು ಆಫ್ ಸ್ಟಂಪ್ ಹಾರಿಸಿದ ಹಾಗೆ. ಇದರಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ. ಚೆಂಡು ತಿರುಗದಿದ್ದರೆ ಬ್ಯಾಟರ್‌ಗೆ ಪೆಟ್ಟು, ಗುರಿ ಒಂದು ಗೇಣು ಒಳಗಾದರೆ ಪ್ಲೇಟಿನ ನಟ್ಟನಡುವೆ ಬಂದು ಹೋಂ ರನ್. ವೇಗದಿಂದಲ್ಲ, ಚೆಂಡು ಎಷ್ಟು ತಿರುಗುತ್ತದೆಂಬ ಖಚಿತ ಅಂದಾಜಿನಿಂದ ಮಾತ್ರ ಇದನ್ನು ಎಸೆಯಬಹುದು. 2015ರ ಮಾರ್ಚ್ 29ರಂದು ಯಕುಲ್ಟ್ ವಿರುದ್ಧ ಮರಳಿ ಬಂದ ಮೊದಲ ಪಂದ್ಯದಲ್ಲೇ ಏಳು ಇನಿಂಗ್ಸ್ ಒಂದೂ ರನ್ ಕೊಡದೆ ಗೆದ್ದರು. ಊರಿನ ಹೊಸ ಸ್ಟೇಡಿಯಂ ತೆರೆದದ್ದು 2009ರಲ್ಲಿ, ಅವರು ಅಮೆರಿಕದಲ್ಲಿದ್ದಾಗ. ಹಾಗಾಗಿ ಕಾರ್ಪ್ ಅಂಗಿಯಲ್ಲಿ ಆ ಮೌಂಡ್ ಮೇಲೆ ಲೀಗ್ ಪಂದ್ಯ ಎಸೆದದ್ದು ಅವತ್ತೇ ಮೊದಲು.

ಆ ಏಪ್ರಿಲ್‌ನಲ್ಲೇ ಅವರ ಸಿಟ್ಟನ್ನೂ ಜನ ನೋಡಿದರು. ಅವರ ಲೀಗಿನಲ್ಲಿ ಪಿಚರ್ ಕೂಡ ಬ್ಯಾಟ್ ಹಿಡಿಯಬೇಕಿತ್ತು. ಬಂಟ್ ಮಾಡಲು (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಡೆಯಲು) ಬಾಗಿ ನಿಂತಿದ್ದ ಕುರೋಡಾ ಮೈಮೇಲೆ ಹಾನ್‌ಶಿನ್ ತಂಡದ ಯುವ ಪಿಚರ್ ಶಿಂತಾರೊ ಫುಜಿನಾಮಿಯ ಎಸೆತ ಎರಡು ಸಲ ನುಗ್ಗಿತು. ಬಂಟ್‌ಗೆ ನಿಂತವನ ಬೆರಳುಗಳು ಬ್ಯಾಟಿನ ಮೇಲೆ ಬಯಲಾಗಿರುತ್ತವೆ. ಅಲ್ಲಿ ಚೆಂಡು ತಾಗಿದರೆ ಪಿಚರ್‌ನ ಋತುವೇ ಮುಗಿದಂತೆ. ನಲವತ್ತರ ಕುರೋಡಾ ಕೂಗಾಡುತ್ತ ಮೌಂಡ್ ಕಡೆ ನಡೆದರು.

2015ರಲ್ಲಿ 11 ಗೆಲುವು, ಸರಾಸರಿ 2.55. 2016ರಲ್ಲಿ ಭುಜ, ಕುತ್ತಿಗೆಯ ನೋವಿನ ನಡುವೆಯೂ 10 ಗೆಲುವು. ಆ ವರ್ಷದ ಜುಲೈ 23ರಂದು ಹಾನ್‌ಶಿನ್ ವಿರುದ್ಧ ಎರಡೂ ದೇಶದ್ದು ಸೇರಿ 200ನೇ ಗೆಲುವು. ಸೆಪ್ಟೆಂಬರ್ 10ರಂದು ಟೋಕಿಯೊ ಡೋಮ್‌ನಲ್ಲಿ ಜೈಂಟ್ಸ್ ವಿರುದ್ಧ ಆರು ಇನಿಂಗ್ಸ್ ಎಸೆದು ಗೆದ್ದಾಗ ಕಾರ್ಪ್ 1991ರ ನಂತರ ಮೊದಲ ಸಲ ಲೀಗ್ ಪ್ರಶಸ್ತಿ ಪಡೆಯಿತು. ಅವತ್ತು ಕುರೋಡಾ ಅಪ್ಪಿಕೊಂಡು ಅತ್ತದ್ದು ಟಕಹಿರೊ ಅರಾಯ್ ಹೆಗಲ ಮೇಲೆ. ಅರಾಯ್ ಕೂಡ 2007ರ ಕೊನೆಗೆ ತಂಡ ಬಿಟ್ಟು 2015ಕ್ಕೆ ಮರಳಿದವರು. ಇದೆಲ್ಲ ಕುರೋಡಾ ಒಬ್ಬರಿಂದಲೇ ಆಯಿತೆನ್ನುವುದು ಉತ್ಪ್ರೇಕ್ಷೆ. ಆ ವರ್ಷ ತಂಡದ ಬೇರೆ ಪಿಚರ್‌ಗಳಾದ ಯುಸುಕೆ ನೊಮುರಾ 16, ಕ್ರಿಸ್ ಜಾನ್ಸನ್ 15 ಪಂದ್ಯ ಗೆದ್ದಿದ್ದರು.

ದೇಶದ ಅಂತಿಮ ಸರಣಿಯಾದ ಜಪಾನ್ ಸೀರೀಸ್‌ಗೆ ಮುಂಚೆಯೇ ನಿವೃತ್ತಿ ಘೋಷಿಸಿದ್ದರು. ಸಪ್ಪೊರೊದಲ್ಲಿ ಮೂರನೇ ಪಂದ್ಯ. ಎದುರಿಗೆ ನಿಪ್ಪಾನ್ ಹ್ಯಾಮ್‌ನ 22 ವರ್ಷದ ಶೊಹೇ ಒಟಾನಿ. ಮೊದಲೆರಡು ಸಲ ಒಟಾನಿ ಡಬಲ್ ಹೊಡೆದರು. ಆರನೇ ಇನಿಂಗ್ಸಿನಲ್ಲಿ ಮೂರನೇ ಸಲ ಎಡ ಮೈದಾನಕ್ಕೆ ಕ್ಯಾಚ್ ಕೊಟ್ಟರು. ಅಷ್ಟರಲ್ಲಿ ಕುರೋಡಾ ಕಾಲು ಹಿಡಿದುಕೊಂಡಿತು. ಒಳಗೆ ಹೋಗಿ ಬಂದು ಅಭ್ಯಾಸಕ್ಕೆಂದು ಒಂದೆರಡು ಎಸೆದು ನೋಡಿ ಇಳಿದರು. ಒಟಾನಿಗೆ ಎಸೆದದ್ದೇ ಕೊನೆಯ ಎಸೆತವಾಯಿತು. 4-2ರಿಂದ ಸರಣಿ ಸೋತ ಕಾರ್ಪ್‌ಗೆ ಏಳನೇ ಪಂದ್ಯ ಬರಲಿಲ್ಲ. ಅವರ 15ನೇ ಸಂಖ್ಯೆಯನ್ನು ತಂಡ ಇನ್ನಾರಿಗೂ ಕೊಡುವುದಿಲ್ಲ. ಅದಕ್ಕೆ ಮೊದಲು ಹಾಗೆ ತೆಗೆದಿಟ್ಟದ್ದು ಸಚಿಯೊ ಕಿನುಗಾಸಾ ಅವರ 3, ಕೋಜಿ ಯಮಾಮೊಟೊ ಅವರ 8 ಮಾತ್ರ. 2024ರಲ್ಲಿ ಜಪಾನ್ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೂ ಆಯ್ಕೆಯಾದರು.

ಅವರ ಎಸೆತದ ವಿಡಿಯೊ ಹುಡುಕಿ ನೋಡುವವರು ಮೊದಲು 2008ರ ಬ್ರೇವ್ಸ್ ಪಂದ್ಯ ನೋಡಿ, ಆಮೇಲೆ 2015ರ ಯಾವುದಾದರೂ ಒಂದನ್ನು. ಎಡಗೈ ಬ್ಯಾಟರ್ ಬಂದಾಗ ಚೆಂಡನ್ನು ಹಿಂಬಾಲಿಸಬೇಡಿ. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಗ್ಲೌಸ್ ಎಲ್ಲಿಟ್ಟಿದ್ದಾನೆ, ಬ್ಯಾಟರ್‌ನ ಮುಂಗಾಲು ಯಾವ ಕಡೆ ಸರಿಯುತ್ತಿದೆ ಎಂಬುದನ್ನು ಗಮನಿಸಿ. ಗ್ಲೌಸ್ ಕದಲದೆ ಕಾಲು ಮಾತ್ರ ಹಿಂದೆ ಹೋದರೆ ಅದು ಫ್ರಂಟ್ ಡೋರ್. ಪಂದ್ಯದ ಆರಂಭದಲ್ಲಿ ಅಂಥ ಒಂದೆರಡು ಎಸೆದ ಮೇಲೆ ಅದೇ ಬ್ಯಾಟರ್‌ಗೆ ಹೊರ ಅಂಚಿನಲ್ಲಿ ಸ್ಪ್ಲಿಟರ್ (ಕೊನೆಗೆ ಥಟ್ಟನೆ ಕೆಳಗಿಳಿಯುವ ಎಸೆತ) ಇಳಿಸುತ್ತಾರೆ. ಸೊಂಟದ ಭಯ ಇನ್ನೂ ಆರದ ಬ್ಯಾಟರ್ ಅಷ್ಟು ದೂರ ಬ್ಯಾಟ್ ಚಾಚುವ ಹೊತ್ತಿಗೆ ಚೆಂಡು ಮೊಣಕಾಲ ಕೆಳಗೆ ಹೋಗಿರುತ್ತದೆ.